ನೋಯದ್ದು

ಮೂರು ದಿನ ಅವನು ತಪ್ಪನ್ನೆಲ್ಲ ಕುದುರೆಯ ಮೇಲೆ ಹಾಕಿದ್ದ.
ಹೊಸ ಜೀನು, ಒರಟು ಹೊಲಿಗೆ, ಸೋನ್‌ಕೋಲ್ ಸರೋವರದವರೆಗಿನ ದಾರಿ.
ನಾಲ್ಕನೆಯ ದಿನ ಜೀನು ಬದಲಿಸಿದ.
ಎಂಟನೆಯ ದಿನ ಲಗಾಮು ಹಿಡಿದು, ನಡೆದುಕೊಂಡೇ
ನನ್ನ ಬಾಗಿಲಿಗೆ ಬಂದ.
ಹೆಂಡತಿ ಕಳಿಸಿದಳಂತೆ.

ಕಣಿವೆಗೆಲ್ಲ ನಾನೊಬ್ಬಳೇ ಫೆಲ್ಡ್‌ಷರ್:
ಡಾಕ್ಟರಿಗಿಂತ ಕಡಿಮೆ, ನರ್ಸಿಗಿಂತ ಒಂದು ಮೆಟ್ಟಿಲು ಮೇಲೆ.
ಹೆರಿಗೆ, ಹಲ್ಲು, ನಾಯಿ ಕಡಿತ,
ಒಂದು ಚಳಿಗಾಲದಲ್ಲಿ ಯಾಕ್ ಒಂದರ ಮುರಿದ ಕಾಲು.
ಜೂಮಾದಿಲ್ ಬೆಂಚಿನ ತುದಿಗೆ ಕೂತು
ಬಿಳಿ ಕಲ್ಪಾಕ್ ಟೋಪಿಯನ್ನು ತೊಡೆಯ ಮೇಲಿಟ್ಟು ತಿರುಗಿಸಿದ.
"ಮಂಡಿ" ಅಂದ.
ತುಸು ತಡೆದು, "ಸೊಂಟ" ಅಂದ.
ಆಮೇಲೆ ಕಿಟಕಿಯಾಚೆ ನನ್ನ ಕೋಳಿಗಳನ್ನು ಎಣಿಸತೊಡಗಿದ.
ಹನ್ನೊಂದು, ನಾನೇ ಹೇಳಿದೆ.
ಗಂಡಸರು ಆ ಊರಿಗೆ ಸುತ್ತುದಾರಿಯಲ್ಲೇ ಬರುವುದು,
ಇಪ್ಪತ್ತಾರು ವರ್ಷದಿಂದ ನೋಡುತ್ತಿದ್ದೇನೆ.

"ಅದು… ಬಾತುಕೊಂಡಿದೆ.
ಆದರೆ ಒಂದಿಷ್ಟೂ ನೋವಿಲ್ಲ.
ನೋವಿಲ್ಲ ಅಂದಮೇಲೆ ಏನೂ ಇಲ್ಲ, ಅಲ್ಲವಾ?"

ಕುರಿ ಕಾಯುವವನಿಗೆ ನಾನು ಹೇಳಿಕೊಡಬೇಕೇ?
ಬೊಗಳುವುದು ನಾಯಿ.
ತೋಳ ಬೊಗಳಿಕೊಂಡು ಬಂದದ್ದನ್ನು ನೀನು ಎಂದಾದರೂ ಕಂಡಿದ್ದೀಯಾ?

ಕೇಳಬೇಕಾದ್ದನ್ನು ಕೇಳಿದೆ.
ಉಚ್ಚೆ ಸಲೀಸಾಗಿ ಹೋಗುತ್ತಾ? ಹೋಗುತ್ತೆ.
ಜ್ವರ? ಇಲ್ಲ. ಬಣ್ಣ ಕಪ್ಪಿಟ್ಟಿತೇ? ಇಲ್ಲ.
(ಈ ಮೂರರಲ್ಲಿ ಒಂದು ಕೆಟ್ಟಿದ್ದರೂ
ಚಹಾಕ್ಕೂ ಕೂರಿಸದೆ ಗಾಡಿ ಹತ್ತಿಸುತ್ತಿದ್ದೆ.)
ಹೊಸ ಸಾಬೂನು? ಹೊಸ ಮಾತ್ರೆ? ಹೊಸ ಹೆಣ್ಣು?
ಆಗ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದ, ಸಿಟ್ಟಿನಿಂದ.
ಸಿಟ್ಟು ಮಾಡಿಕೋ, ಪರವಾಗಿಲ್ಲ.
ನೋಯದ ಹುಣ್ಣೂ ಇರುತ್ತದೆ,
ತಾನಾಗೇ ಮಾಯುತ್ತದೆ, ಮಾಯ್ದು ಒಳಗೆ ಇಳಿಯುತ್ತದೆ.
ಅದಕ್ಕೇ ಕೇಳಿದೆ. ನೋಡಲೂ ಬೇಕು.

ನೋಡಿದೆ. ಹುಣ್ಣಿಲ್ಲ.
ದೂರದ ಸವಾರಿಯ ನಂತರ ಕೆಲವರಿಗೆ
ಚರ್ಮದಡಿ ಹಗ್ಗದಂಥ ಗಟ್ಟಿ ಎಳೆ ಏಳುವುದುಂಟು,
ಕೆಲವು ವಾರ ಸುಮ್ಮನಿದ್ದರೆ ಇಳಿದೂ ಹೋಗುತ್ತದೆ.
ಅದೂ ಅಲ್ಲ.
ಮೆತ್ತಗೆ, ತಣ್ಣಗೆ, ಮಸುಕಾಗಿ, ನೀರು ತುಂಬಿದ ಹಾಗೆ.

ಬೂಟು ಬಿಚ್ಚು ಅಂದೆ.
"ಬೂಟಾ?"
ಕಾಲುಚೀಲದ ಪಟ್ಟಿ ಕಣಕಾಲಲ್ಲಿ ಕಾಲುವೆ ತೋಡಿತ್ತು.
ಹೆಬ್ಬೆರಳಿಂದ ಒತ್ತಿ ಬಿಟ್ಟೆ,
ನಾದಿದ ಹಿಟ್ಟಿನಲ್ಲಿ ಒತ್ತಿದಂತೆ
ಗುಳಿ ಅಲ್ಲೇ ನಿಂತಿತು, ಇಬ್ಬರೂ ಅದನ್ನೇ ನೋಡಿದೆವು.
"ಕಲಿಪಾ ಹೇಳುತ್ತಾಳೆ," ಅವನ ದನಿ ಇಳಿದಿತ್ತು,
"ಬೆಳಿಗ್ಗೆ ನನ್ನ ಕಣ್ಣು ಯಾರದೋ ಕಣ್ಣಿನಂತೆ ಇರುತ್ತದಂತೆ."

ಜಾಮಿನ ಖಾಲಿ ಬಾಟಲಿ ಕೊಟ್ಟು ಹಿತ್ತಲಿಗೆ ಕಳಿಸಿದೆ.
ತಂದಿಟ್ಟ. ಮೇಲೆ ಕುಮಿಸ್‌ನಂತೆ ನೊರೆ,
ಚಹಾ ಆರಿದರೂ ನೊರೆ ಆರಲಿಲ್ಲ.
ಅದ್ದಿದ ಕಾಗದದ ಪಟ್ಟಿ ಹಳದಿ ಬಿಟ್ಟು ಹಸಿರಾಯಿತು,
ಜೂನ್ ತಿಂಗಳ ಹುಲ್ಲಿನಷ್ಟು ಹಸಿರು.

ಸೋರುತ್ತಿರುವುದು ಮೂತ್ರಪಿಂಡ, ಜೂಮಾದಿಲ್.
ನೀರಿಗೆ ನಾಚಿಕೆಯಿಲ್ಲ,
ತಗ್ಗು ಸಿಕ್ಕಲ್ಲಿ ಹೋಗಿ ನಿಲ್ಲುತ್ತದೆ.
ಇದನ್ನು ನೀನು ಇನ್ನೆರಡು ತಿಂಗಳು ಅಡಗಿಸಿಡಬಹುದಿತ್ತು,
ನೋಯುತ್ತಿರಲಿಲ್ಲವಲ್ಲ.

"ಮತ್ತೆ… ನಾನು… ಗಂಡಸಾಗಿ…"
ಮುಗಿಸಲಿಲ್ಲ. ನಾನೂ ಮುಗಿಸಿಕೊಡಲಿಲ್ಲ.
ಊತ ಇಳಿದ ಮೇಲೆ ಎಲ್ಲ ಮೊದಲಿನಂತೆ ಎಂದು
ಆಣೆ ಇಡಲು ನಾನು ಯಾರು?
ನಾರಿನ್ ಆಸ್ಪತ್ರೆಯಲ್ಲಿ ರಕ್ತ ನೋಡುತ್ತಾರೆ,
ಕಾರಣ ಹುಡುಕುತ್ತಾರೆ, ಔಷಧಿಯಿದೆ ಅಂದೆ.
ಸಂಜೆ ಹಾಲಿನ ಲಾರಿ ಹೊರಡುತ್ತದೆ, ಅದರಲ್ಲಿ ಹೋಗು.
ದಾರಿಯಲ್ಲಿ ಉಸಿರು ಕಟ್ಟಿದರೆ, ಉಚ್ಚೆ ನಿಂತರೆ
ಡ್ರೈವರಿಗೆ ಹೇಳು, ಬಾಯಿಬಿಟ್ಟು ಹೇಳು,
ಕೋಳಿ ಎಣಿಸುತ್ತ ಕೂರಬೇಡ.

ಚೀಟಿ ಬರೆಯುವಾಗ ಮೇಜಿನ ಮೇಲೆ ಬಾಗಿದ.
"ಮಂಡಿ ಅಂತ ಬರೀತೀಯಾ?"
ಇದ್ದದ್ದನ್ನು ಇದ್ದ ಹಾಗೆ ಬರೆದೆ, ದಪ್ಪ ಅಕ್ಷರದಲ್ಲಿ.
ನಾಲ್ಕು ಮಡಿಕೆ ಮಾಡಿ ಟೋಪಿಯೊಳಗೆ ತುರುಕಿಕೊಂಡ.

ಅಂಗಳದಲ್ಲಿ ಕುದುರೆಯ ಹಣೆಗೆ ಹಣೆ ತಾಗಿಸಿ
ಏನೋ ಹೇಳಿದ, ತುಂಬ ಹೊತ್ತು.
ನನಗೆ ಕೇಳಿಸಲಿಲ್ಲ.
ಮೂರು ದಿನದ ಬೈಗುಳಕ್ಕೆ ಏನೋ ಒಂದು ಹೇಳಲೇಬೇಕಿತ್ತು.