ಎರಡು ಕಾಳಿನ ಸಲಿಗೆ

ರುವಾಂ ಪಟ್ಟಣದಲ್ಲಿ, ಮೂರು ಮೆಟ್ಟಿಲಿಳಿದು ಹೋಗುವ ಅಂಗಡಿಯೊಳಗೆ
ಓದಿಲ್ ತ್ರೆಹುವಾರ್ ಹಳೆಯ ಬೆಳ್ಳಿಯ ನೆಗ್ಗು ತೆಗೆಯುತ್ತಾಳೆ.
ಇವತ್ತು ಬಂದದ್ದು ಒಂದೇ ಚಮಚ,
ನಿನ್ನೆಯ ಪತ್ರಿಕೆಯಲ್ಲಿ ಸುತ್ತಿ.
ತಂದವನು ನಿಂತೇ ಕೇಳಿದ: ತೂಕಕ್ಕೆಷ್ಟು?
ಅವಳು ತೂಗಲಿಲ್ಲ. ಬೋರಲು ಹಾಕಿದಳು.

ಅಲ್ಲಿಯ ಚಮಚಗಳು ಮೇಜಿನ ಮೇಲೆ ಹಾಗೆಯೇ ಮಲಗಬೇಕು,
ಬೆನ್ನಿಗೆ ಕೊರೆದ ಮನೆತನದ ಅಕ್ಷರ ಕಾಣುವಂತೆ.
ನನ್ನ ಕಣ್ಣಿಗದು
ಊಟಕ್ಕೆ ಕರೆದು ಮುಖ ತಿರುವಿಕೊಂಡ ಹಾಗೆ.

ಹಿಡಿಯ ಬುಡದಲ್ಲಿ ಎಳ್ಳಿನಷ್ಟಷ್ಟೇ ನಾಲ್ಕು ಮುದ್ರೆ:
ಸುಂಕ ಕೊಡುವೆನೆಂದು ಒಂದು, ಕೊಟ್ಟೆನೆಂದು ಒಂದು,
ಒರೆ ನೋಡಿದ ಹಿರಿಯರ ವರ್ಷಾಕ್ಷರ,
ಕೊನೆಯದು ಮಾಡಿದ ಕೈಯದು.
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ
ಎಂಬ ಗುಮಾನಿ ಯಾವ ದೊರೆಗಿಲ್ಲ?
ಆದರೂ ಕೈಯ ಮುದ್ರೆಯಲ್ಲಿ, ಕಿರೀಟದ ಕೆಳಗೆ,
ಎರಡು ಚುಕ್ಕಿ.
ಬೆಳ್ಳಿಯ ಶುದ್ಧಿಯಲ್ಲಿ ಎರಡು ಕಾಳಿನಷ್ಟು ಕಡಮೆಯಾದರೆ
ತಪ್ಪಲ್ಲವೆಂದು ದೊರೆಯೇ ಕೊಟ್ಟ ಸಲಿಗೆ.
ನಾವಾಗಿದ್ದರೆ ಗುಲಗಂಜಿ ಎನ್ನುತ್ತಿದ್ದೆವು.

ಚುಕ್ಕಿಗಳ ನಡುವೆ ಒಂದು ಬೀಗದ ಕೈ, ಮೂರಕ್ಷರ.
ಮೊದಲನೆಯದು ಹೆಸರಲ್ಲ, ವಿಧವೆ ಎಂಬುದರ ಗುರುತು.
ಪೆರೆತ್ ವಾನಿಯೇ. ಪ್ಯಾರಿಸಿನಲ್ಲಿ
ಸೇತುವೆಯ ಮೇಲೆಯೇ ಅವಳ ಮನೆ;
ಕೆಳಗೆ ಸೆನ್ ನದಿ, ಮೇಲೆ ಕುಲುಮೆ.
ಗಂಡನನ್ನು ಮಣ್ಣುಮಾಡಿದ ಮೂರನೆಯ ದಿನ
ಅವನ ಚರ್ಮದ ಮುಂಗವಚವನ್ನು ಕತ್ತರಿಸಿ
ತನ್ನ ಅಳತೆಗೆ ಹೊಲಿದುಕೊಂಡಳು.
ಶನಿವಾರ ನೆಲದ ಹಲಗೆ ಎಬ್ಬಿಸಿ ಧೂಳು ಗುಡಿಸಿ ಸುಟ್ಟು
ಬೂದಿಯಿಂದ ಬೆಳ್ಳಿ ಹೆಕ್ಕುತ್ತಿದ್ದಳು,
ಕೆಲಸದ ಹುಡುಗರು ಕೈತೊಳೆದ ನೀರನ್ನೂ ಚೆಲ್ಲಗೊಡದೆ.

ಆಮೇಲೆ ಯುದ್ಧ. ದೊರೆಗೆ ನಾಣ್ಯ ಸಾಲದು,
ಮನೆಮನೆಯ ಊಟದ ಬೆಳ್ಳಿ ಟಂಕಸಾಲೆಗೆ.
ಬಂಡಿಯಲ್ಲಿ ಅವಳ ಗಂಡನ ಸೂಪಿನ ಪಾತ್ರೆಯೂ ಹೋಯಿತು:
ಮುಚ್ಚಳದ ಮೇಲೊಂದು ಕೋಸು,
ಕೋಸಿನ ಮೇಲೊಂದು ಬಸವನಹುಳು;
ಅದರ ಎರಡು ಕೊಂಬಿಗೇ
ಅವನು ಒಂದು ಚಳಿಗಾಲ ಕಳೆದಿದ್ದ.
ಮೊದಲು ಕರಗಿದ್ದು ಕೊಂಬು.

ಹನ್ನೆರಡರಲ್ಲಿ ಹನ್ನೊಂದು ಚಮಚವೂ ಹಾಗೇ ಹೋದವು.
ಇದು ಹೇಗೆ ಉಳಿಯಿತು?

ಓದಿಲ್ ದೀಪ ಹತ್ತಿರಕ್ಕೆಳೆದಳು.
ಬಲಗೈಯಲ್ಲಿ ಉಂಡ ಚಮಚದ ತುದಿ ಎಡಕ್ಕೆ ಸವೆಯುತ್ತದೆ,
ತಟ್ಟೆ ಕೆರೆದೂ ಕೆರೆದೂ. ಇದು ಬಲಕ್ಕೆ ಸವೆದಿದೆ.
ಎಡಚ ಕೂಸು ಯಾವುದೋ.
ದೊಡ್ಡವರ ಮೇಜಿನಲ್ಲಿ ಆ ಕೈಯನ್ನು ಕುರ್ಚಿಗೆ ಕಟ್ಟುತ್ತಿದ್ದ ಕಾಲ.
ಅಡುಗೆಯವಳು ಒಲೆಯ ಹಿಂದೆ ಕೂರಿಸಿ ಉಣ್ಣಗೊಟ್ಟಿರಬೇಕು,
ಬೆಳ್ಳಿ ಎಣಿಸಲು ಬಂದವರು
ಒಲೆಯ ಹಿಂದೆ ನೋಡಿರಲಿಕ್ಕಿಲ್ಲ.
ಊಹೆ ನನ್ನದಲ್ಲ, ಓದಿಲಳದು.
ಅವಳು ಸುತ್ತಿಗೆ ಹಿಡಿಯುವುದೂ ಎಡಗೈಯಲ್ಲೇ.

ತಂದವನು ಹೇಳಿದ: ತುದಿ ಉಜ್ಜಿ ದುಂಡಗೆ ಮಾಡಿ,
ಆಗ ಹೆಚ್ಚು ಬೆಲೆ ಬರುತ್ತದೆ.
ನೆಗ್ಗು ತೆಗೆಯುತ್ತೇನೆ, ಎಂದಳು ಅವಳು,
ಸವೆದದ್ದನ್ನು ಮುಟ್ಟುವುದಿಲ್ಲ.
ಅವನು ಗೊಣಗುತ್ತ ಮೆಟ್ಟಿಲು ಹತ್ತಿದ: ಬುಧವಾರ ಬರುತ್ತೇನೆ.

ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು
ಈರುಳ್ಳಿ ಸಾರನ್ನು ಅದರಲ್ಲೇ ಕುಡಿದಳು.
ತಟ್ಟೆಯ ಅಂಚಿಗೆ ತುದಿ
ಸರಿಯಾಗಿ ಕೂತಿತು.