ಚಹಾ ಆದ ಮ್ಯಾಲ

ಮುಂಜಾನೆ ಒಂದ ಸಲ ಕಿವಿ ಹಿಂಡಿದ್ರ ಸಾಕು, ಏಳತದ.
ಕಾತ್ರಜ್ ಘಾಟ್ ಏರತದ, ಸೂಪರ್‌ಚಾರ್ಜರ್ ಸಿಳ್ಳು ಹೊಡೀತದ,
ಟ್ರಕ್ಕಿನವರು ಕತ್ತು ಹೊರಗ ಹಾಕಿ ನೋಡ್ತಾರ:
ಇಪ್ಪತ್ತೈದು ವರ್ಷದ ಎಸ್ಟೀಮು, ಹಾಲಿನ ಬಣ್ಣ,
ಒಳಗ ಬಿಳೀಕೂದಲ ಅಜ್ಜಿ.
ಖೇಡ್ ಶಿವಾಪುರದಾಗ ಚಹಾಕ್ಕ ನಿಂತ್ರ ಮುಗೀತು.
ಇಪ್ಪತ್ತು ನಿಮಿಷ ಬಿಟ್ಟು ಕೀಲಿ ತಿರುವಿದ್ರ
ಕರ್ರ್ ಕರ್ರ್ ಕರ್ರ್, ಬರೇ ಹಲ್ಲು ಕಡಿಯೂದು.
"ಗಾಡಿ ರುಸ್ಲೀ," ಅಂದ್ರು ಗೋಗಟೆಬಾಯಿ,
ಮೊಮ್ಮಗಳ ಸಿಟ್ಟಿನ ಬಗ್ಗೆ ಹೇಳಿದಂಗ.

ನನಗಿಂತ ಮೊದಲ ಇಬ್ಬರು ನೋಡ್ಯಾರ.
ಒಬ್ಬಾವ ಬ್ಯಾಟರಿ, ಸ್ಟಾರ್ಟರ್ ಎರಡೂ ಬದಲಿಸಿದ.
ಇನ್ನೊಬ್ಬಾವ ಪಂಪು,
ಮತ್ತ ಹಳೇ ಪಂಪು ವಾಪಸ್ ಕೊಡಲೇ ಇಲ್ಲ.

ಬ್ಯಾಸಗಿ. ಧನಕವಡಿಯ ಗ್ಯಾರೇಜಿನ ಪತ್ರಾಸು ಕಾದು ಟಣ್ ಟಣ್ ಅಂತಿತ್ತು.
ಬಾನೆಟ್ ಎತ್ತಿದೆ.
ಓಡೂವಾಗ ನೀರು ತಿರುಗತದ, ಗಾಳಿ ಬಡೀತದ;
ನಿಂತ ಮ್ಯಾಲ ಎರಡೂ ನಿಲ್ಲತಾವ, ಕಾವು ನಿಲ್ಲೂದಿಲ್ಲ.
ಎಲ್ಲಿಗೆ ಹೋಗಬೇಕು ಅದು? ಮ್ಯಾಲ ಏರತದ,
ಕಂಪ್ರೆಸರ್, ರೈಲು, ಪೈಪು, ಎಲ್ಲಾ ಮುಟ್ಟಿ ನೋಡತದ.
ನಮ್ಮ ಮನಿಯಾಕಿ ಅನ್ನೂದೂ ಅದನ:
"ಜಗಳದಾಗ ನೀ ತಣ್ಣಗ ಇರ್ತಿ,
ಉಂಡು ಮಲಗೂ ಹೊತ್ತಿಗೆ ಕುದೀತಿ."

ಮೊದಲ ಹಬೆ ಅನ್ಕೊಂಡೆ.
ಪೆಟ್ರೋಲು ಹಬೆ ಆಗಿ ಪೈಪಿನಾಗ ಕುಂತಿದ್ರ
ಪಂಪಿಗೆ ಸಿಗೂದಿಲ್ಲ, ಮುಷ್ಟಿಯೊಳಗ ಹೊಗಿ ಹಿಡಿದಂಗ.
ಹಸಿ ಅರಬಿ ರೈಲಿನ ಮ್ಯಾಲ ಹಾಸಿದೆ,
ಜ್ವರದ ಕೂಸಿನ ಹಣಿಗೆ ಹಾಸಿದಂಗ. ಕರ್ರ್.
ಕೀಲಿ ಅರ್ಧಕ್ಕ ಮೂರು ಸಲ ತಿರುವಿ ಪಂಪಿಗೆ ಉಸಿರು ಕೊಟ್ಟೆ. ಕರ್ರ್.
ಕಡೀಕ ಎಕ್ಸಿಲೇಟರ್ ನೆಲಕ್ಕ ಒತ್ತಿ ಹಿಡದು ತಿರುವಿದೆ.
ಕೆಮ್ಮಿತು. ಕರೀ ಹೊಗಿ ಉಗುಳಿತು. ಎದ್ದಿತು.
ಅಂದ್ರ ಇದು ಹಸಿವಲ್ಲ,
ಅಜೀರ್ಣ.

ಮರುದಿನ ಗೇಜ್ ಕಟ್ಟಿ, ಗಾಡಿ ಕಾಸಿ, ಬಂದ್ ಮಾಡಿ
ಸ್ಟೂಲಿನ ಮ್ಯಾಲ ಕುಂತೆ.
ಮೂರು ಬಾರ್. ಎರಡೂವರಿ. ಒಂದೂಮುಕ್ಕಾಲು.
ಬರೂ ಪೈಪು ಹಿಚುಕಿದೆ, ಹೋಗೂ ಪೈಪು ಹಿಚುಕಿದೆ,
ಮುಳ್ಳು ಕೇಳಲಿಲ್ಲ, ಇಳೀತನ ಹೋತು.
ಹಂಗಾದ್ರ ಸೋರೂದು ಒಳಗ.
ಪ್ಲಗ್ಗು ಬಿಚ್ಚಿ ಪೇಪರ್ ಮ್ಯಾಲ ಇಟ್ಟೆ:
ಒಂದು, ಎರಡು, ನಾಕು, ಹುರಿದ ಕಡ್ಲಿ ಬಣ್ಣ.
ಮೂರನೇದು ಕರ್ರಗ, ಹಸಿ, ಮೂಗಿಗೆ ಹೊಡಿಯೂ ವಾಸನಿ.
ತಣ್ಣಗಿದ್ದಾಗ ಇಂಜಿನ್ ಹೆಚ್ಚಿಗಿ ಬೇಡತದ,
ಸೋರಿದ್ದೂ ಊಟದ ಲೆಕ್ಕಕ್ಕ ಸೇರತದ;
ಕಾದಾಗ ಮಾತ್ರ ತಪ್ಪು ಮ್ಯಾಲ ತೇಲತದ.

ರೈಲು ಎತ್ತಿದೆ. ದೊಡ್ಡ ಇಂಜೆಕ್ಟರ್‌ಗಳು,
ಸೂಪರ್‌ಚಾರ್ಜರಿನ ಹೊಟ್ಟಿಗೆ ಸಾಲಲಿ ಅಂತ ಹಾಕಿದ್ದು.
ಮೂರನೇದರ ತುದಿಯಾಗ ಒಂದು ಹನಿ.
ಬಿತ್ತು. ಮತ್ತೊಂದು ಹುಟ್ಟಿತು.
ಅರಬಿಯಿಂದ ಮಸಿ ಒರಸಿದಾಗ
ಕುತ್ತಿಗಿ ಮ್ಯಾಲ ಹಸರು ನೇಲ್ ಪಾಲಿಶಿನ ಬೊಟ್ಟು.

ನಾನಾ ಪೇಠಿನಾಗ ನಂದೊಂದು ಗೂಡಂಗಡಿ ಇತ್ತು,
ಆರು ವರ್ಷದ ಹಿಂದ.
ಗುಜರಿ ಇಂಜೆಕ್ಟರ್ ತೊಳದು, ಪರೀಕ್ಷಾ ಮಾಡಿ,
ಮಗಳು ದಾನೇಶ್ವರಿಯ ಪಾಲಿಶ್ ಹಚ್ಚಿ ಇಡತಿದ್ದೆ.
ಕೆಂಪು ಹಚ್ಚಿದ್ದು ಪಾಸು.
ಹಸರು ಅಂದ್ರ: ನಡೀತದ,
ಯಾರರೆ ಅವಸರದಾವರು ಬಂದ್ರ ಕೊಡು.
ಅವತ್ತು ಒಬ್ಬ ಹುಡುಗ ಬಂದಿದ್ದ, ಬೈಕ್ ಬಂದ್ ಮಾಡಲಿಲ್ಲ,
ನಾಕು ಬೇಕಂದ.
ಕೆಂಪು ಮೂರ ಇದ್ದುವು.

ಗೋಗಟೆಬಾಯಿ ಬಾಗಲದಾಗ ಪರ್ಸು ತಗದು ನಿಂತಿದ್ರು.
"ಕಿತೀ ಝಾಲೇ?" ಅಂದ್ರು.
ಹನಿ ನನ್ನ ಹೆಬ್ಬಟ್ಟಿನ ಮ್ಯಾಲ ಬಿತ್ತು, ತಣ್ಣಗ.
ಆ ಬಿಸಿಲಿನಾಗೂ ಪೆಟ್ರೋಲು ಆರೂವಾಗ
ತಣ್ಣಗನ ಇರತದ.
ಸ್ಟೂಲು ಅವರ ಕಡೆ ಸರಿಸಿದೆ.
"ಬಸಾ," ಅಂದೆ. "ಚಹಾ ಆಗಲಿ ಮೊದಲ."