ನೂರ ಹನ್ನೆರಡನೆಯ ಪುಟ

ತಂಗಿಯ ಮೊಮ್ಮಗಳು ಯಶಿಕಾ, ಗಂಗೋತ್ರಿಯಲ್ಲಿ ಎಂ.ಎ.,
ನಾಳೆ ಪರೀಕ್ಷೆ. ಜಗಲಿಯಲ್ಲಿ ಕಾಲು ಚಾಚಿ
ತೊಡೆಯ ಮೇಲೆ ಲೈಬ್ರರಿಯ ಹಳೇ ಪ್ರತಿ,
ಗಟ್ಟಿಯಾಗಿ ಉರು ಹೊಡೆಯುತ್ತಾಳೆ:
‘ಈ ಕಾದಂಬರಿಯ ತಂತ್ರಗಳಲ್ಲೆಲ್ಲ ಮಿಗಿಲು
ನೀಲಾಜಮ್ಮಣ್ಣಿಯ ಮೌನ.
ಹನ್ನೆರಡು ವರ್ಷದ ಮೇಲೆ ಬಂದ ಗಂಡ
ಹೊಸ್ತಿಲಲ್ಲಿ ನಿಂತು, ಗುರುತು ಸಿಕ್ಕಿತೇ ಎನ್ನುತ್ತಾನೆ.
ಆಕೆ ಏನೂ ಹೇಳುವುದಿಲ್ಲ.
ಹೊರಗೆ ಜಟಕಾ ಹೊರಟುಹೋಗುತ್ತದೆ.
ಈ ಮೌನವೇ ಪ್ರತಿಭಟನೆ, ಈ ಮೌನವೇ ಕ್ಷಮೆ...’

ನಾನು ವೀಳ್ಯದೆಲೆಯ ತೊಟ್ಟು ಮುರಿಯುತ್ತಾ ಕೂತಿದ್ದೇನೆ.
ಆ ಮೌನವನ್ನು ಮಾಡಿದವನು ನಾನು.

ಶಿವರಾಂಪೇಟೆಯ ಹಿಂದುಗಲ್ಲಿ, ಸೀಸದ ವಾಸನೆ,
ಮಸಿ ಹಿಡಿದ ಬಲ್ಬು.
ಮೊಳೆ ಜೋಡಿಸುವವನು ಕತೆ ಓದುವುದಿಲ್ಲ ಅನ್ನುತ್ತಾರೆ.
ಸುಳ್ಳು. ಓದುತ್ತೇವೆ, ತಲೆಕೆಳಗಾಗಿ,
ಅಕ್ಷರ ಅಕ್ಷರಕ್ಕೂ ನಿಂತು.
ಅಳುವಾಗ ಎಷ್ಟು ‘ಳ’ ಬೇಕು,
ಬೈಯುವಾಗ ಎಷ್ಟು ಒತ್ತು, ಬೆರಳಿಗೆ ಗೊತ್ತು.
ವಸ್ತು, ಪಾತ್ರ, ಸನ್ನಿವೇಶ ಎಲ್ಲ ಮೇಷ್ಟ್ರುಗಳಿಗೆ;
ನನಗೆ ತೂಕ.
ಗಂಡನ ಮಾತೆಲ್ಲ ಕೊಂಬು, ದೀರ್ಘ, ಐತ್ವ, ಹಗುರ.
ಅವಳದು ಬರೀ ಒತ್ತಕ್ಷರ;
ಗ್ಯಾಲಿ ಎತ್ತಿದರೆ ಅವಳ ಪುಟಗಳೇ ಭಾರ.

ದಸರೆಗೆ ಮೂರು ದಿನ. ಪುಸ್ತಕ ಬಿಡುಗಡೆಯ ಅವಸರ.
ಪ್ರೂಫ್ ಪಾಸಾಗಿ ಬಂದಿತ್ತು.
ಚೌಕಟ್ಟಿಗೆ ಬಿಗಿಯುವಾಗ ಕೈ ಜಾರಿ
ಒಂದು ಸಾಲು ನೆಲಕ್ಕೆ ಚೆಲ್ಲಿತು.
ಮಂಡಿಯೂರಿ ಹುಡುಕಿದೆ. ಎಲ್ಲ ಸಿಕ್ಕಿತು,
ಒಂದು ಪ-ಒತ್ತು ಮಾತ್ರ ಟ್ರೆಡಲ್ಲಿನ ಕೆಳಗೆ ನುಗ್ಗಾಗಿತ್ತು.
ಕೇಸಿನ ಮನೆಯಲ್ಲಿ ಇನ್ನೊಂದಿಲ್ಲ:
ಪಕ್ಕದ ಕಲ್ಲಿನ ಮೇಲೆ ಬಿಗಿದು ಕೂತಿತ್ತು ಲಗ್ನಪತ್ರಿಕೆ,
ನಂಜಪ್ಪ, ಕೆಂಪಪ್ಪ, ಸಣ್ಣಪ್ಪ, ಚೆಲುವಪ್ಪ,
ಸುಖಾಗಮನ ಬಯಸುವ ಹದಿನಾಲ್ಕು ಅಪ್ಪಂದಿರು
ಪ್ರೆಸ್ಸಿನ ಒತ್ತನ್ನೆಲ್ಲ ಅಪ್ಪಿಕೊಂಡು.
ಮಾಲೀಕರು ಗಡಿಯಾರ ನೋಡಿದರು.
ಸಾಲುಗಳ ನಡುವೆ ಸೀಸದ ಪಟ್ಟಿ ತುರುಕಿ
ಬಿಗಿ ಮಾಡಿ ಮಿಷನ್ನಿಗೆ ಕೊಟ್ಟೆ.

ಬಿದ್ದದ್ದು ಇಷ್ಟೆ:
‘ಚಪ್ಪಲಿ ಹೊರಗೆ ಬಿಡಿ, ಈಗ ತಾನೆ ಸಾರಿಸಿದ್ದೇನೆ’ ಎಂದಳು.

ಬರೆದವರು ಮರುವರ್ಷ ಬಂದರು, ಕೈಯಲ್ಲಿ ನಶ್ಯದ ಡಬ್ಬಿ.
ಎರಡನೆಯ ಮುದ್ರಣಕ್ಕೆ ಏಳು ಅಲ್ಪವಿರಾಮ ತಿದ್ದಿದರು,
ಒಂದು ಊರಿನ ಹೆಸರು ಬದಲಿಸಿದರು.
ನೂರ ಹನ್ನೆರಡರಲ್ಲಿ ಬೆರಳಿಟ್ಟು ಬಹಳ ಹೊತ್ತು ಇದ್ದರು.
ನನ್ನ ಹೊಟ್ಟೆಯಲ್ಲಿ ಟ್ರೆಡಲ್ಲು ಓಡುತ್ತಿತ್ತು.
‘ಹೂಂ’ ಎಂದು ಪುಟ ಮಗುಚಿದರು.
ಕಂಡಿತೋ, ನಶ್ಯ ಏರಿತ್ತೋ, ಕೇಳಲಿಲ್ಲ ನಾನು.
ಅಷ್ಟರಲ್ಲಾಗಲೇ ಆ ಮೌನದ ಬಗ್ಗೆ
ಪತ್ರಿಕೆಯಲ್ಲಿ ಎರಡು ಕಾಲಂ ಬಂದಾಗಿತ್ತು.
ಈಗ ಅವರಿಲ್ಲ. ಹಸ್ತಪ್ರತಿ ಗೆದ್ದಲಿನ ಪಾಲು.

‘ತಾತ, ಆಕೆ ಯಾಕೆ ಮಾತಾಡ್ಲಿಲ್ಲ ಅಂತೀರಿ?’

ಹೇಳಿಬಿಡಲೇ?
ಆ ಒಂದು ಮಾತು ಇದ್ದಿದ್ದರೆ ಅವನು ಒಳಗೆ ಬರುತ್ತಿದ್ದ,
ಬರಿಗಾಲಲ್ಲಿ, ಹಸಿ ನೆಲದ ಮೇಲೆ ಹೆಜ್ಜೆ ಮೂಡಿಸಿ.
ಗೊಣಗುತ್ತಾ ಮತ್ತೆ ಸಾರಿಸುತ್ತಿದ್ದಳು.
ಅದು ಬೇರೆಯೇ ಕಾದಂಬರಿ,
ಪಠ್ಯವಾಗುತ್ತಿತ್ತೋ ಇಲ್ಲವೋ.
ಐವತ್ತೆರಡು ವರ್ಷದಿಂದ ಆತ ಹೊಸ್ತಿಲಲ್ಲೇ ಇದ್ದಾನೆ,
ಚಪ್ಪಲಿ ಮೆಟ್ಟಿಕೊಂಡು.

‘ಮೌನ ಅಂತಲೇ ಬರಿ,’ ಅಂದೆ,
‘ಹತ್ತು ಅಂಕಕ್ಕೆ ಸಾಕು.’
ಎಲೆಗೆ ಸುಣ್ಣ ಸವರಿದೆ. ಮಡಿಸಿದೆ.
ಬಾಯಿಗಿಡಲು ಮನಸ್ಸಾಗದೆ
‘ಆ ಪುಟದ ಸಾಲು ಎಣಿಸಿದ್ದೀಯೇನೇ ಯಾವತ್ತಾದರೂ?’

ಎಲ್ಲ ಪುಟಕ್ಕೂ ಇಪ್ಪತ್ತಾರು.
ಯಶಿಕಾ ಪೆನ್ನಿನ ತುದಿಯಿಟ್ಟು ಎಣಿಸುತ್ತಾಳೆ,
ಇಪ್ಪತ್ತೈದಕ್ಕೆ ನಿಲ್ಲುತ್ತಾಳೆ,
ಮತ್ತೆ ಮೇಲಿಂದ.